ಯಾವ ಪುಟ ಅಂತ ಕೇಳಿ

(ಓದುಗರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಭಾಗವನ್ನು ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದುಡಿಮೆ, ವರ್ಗ, ಸಾಮಾಜಿಕ ನ್ಯಾಯದ ಬಗ್ಗೆ ಓದಬೇಕಾದ ಪುಸ್ತಕಗಳನ್ನು ಹೇಳಿ ಅಂತ ನನ್ನನ್ನು ಕರೆದಿದ್ದೀರಿ. ನಾನು ಈ ವಿಷಯವನ್ನು ಪಾಠ ಮಾಡುವವನಲ್ಲ. ಈ ಪುಸ್ತಕಗಳೆಲ್ಲ ನನಗೆ ಸಿಕ್ಕಿದ್ದು ಗೆಳೆಯರ ಕೈಯಿಂದ. ಹಾಗಾಗಿ ಇವತ್ತಿನ ಮಾತಿಗೂ ಗೆಳೆಯರನ್ನೇ ಕೇಳಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಎರಡೇ ಪ್ರಶ್ನೆ. ಯಾವ ಪುಸ್ತಕ? ಅದರಲ್ಲಿ ಯಾವ ಪುಟ?

ಮೊದಲ ಪ್ರಶ್ನೆಗೆ ಉತ್ತರ ಥಟ್ಟನೆ ಬರುತ್ತದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಒಂದು ಪುಟ ಹೇಳುತ್ತಾರೆ. ಅದನ್ನು ತೆಗೆದು ಓದಿದರೆ ಅಲ್ಲಿ ಅವರ ಕೆಲಸ ಇರುತ್ತದೆ, ಅವರ ಬೆನ್ನುನೋವು ಇರುತ್ತದೆ. ಎಷ್ಟೋ ವರ್ಷ ತಮ್ಮದೇ ತಪ್ಪು ಅಂತ ಹೊತ್ತುಕೊಂಡು ತಿರುಗಿದ ಒಂದು ವಿಷಯ ಇರುತ್ತದೆ.

ನನ್ನದನ್ನೇ ಮೊದಲು ಹೇಳುತ್ತೇನೆ. ನನ್ನ ಮೊದಲ ಕೆಲಸ ಒಂದು ದೊಡ್ಡ ಗೋದಾಮಿನಲ್ಲಿ. ಬೆಳಿಗ್ಗೆ ಗೇಟಿನಲ್ಲಿ ಬ್ಯಾಗ್ ತಪಾಸಣೆ. ಅಲ್ಲೊಂದು ಸಾಲು. ಒಳಗೆ ಬಂದರೆ ಬೂಟು, ಜಾಕೆಟ್ ಕೊಡುವ ಕಿಟಕಿ. ಅಲ್ಲಿ ಇನ್ನೊಂದು ಸಾಲು. ಬೆರಳು ಒತ್ತುವ ಹಾಜರಿ ಯಂತ್ರ ಇದ್ದದ್ದು ಕಟ್ಟಡದ ಆ ತುದಿಯಲ್ಲಿ. ಗೇಟಿನಿಂದ ಯಂತ್ರದ ತನಕ ಮುಕ್ಕಾಲು ಗಂಟೆ ಹೋಗುತ್ತಿತ್ತು. ಸಂಜೆ ಹೊರಗೆ ಬರುವಾಗಲೂ ಅಷ್ಟೇ. ಸಂಬಳದ ಲೆಕ್ಕ ಮಾತ್ರ ಬೆರಳು ಒತ್ತಿದ ಮೇಲೆ ಶುರು. ಐದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್. ಮೊದಲ ತಿಂಗಳಲ್ಲೇ ಮೂರು ಸಲ ಕಟ್ ಆಯಿತು. ತಪ್ಪು ನನ್ನದೇ ಅಂದುಕೊಂಡೆ. ಅಲಾರಂ ಇನ್ನೂ ಬೇಗ ಇಟ್ಟುಕೊಂಡೆ.

ಅಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ಇದ್ದರು. ಅಣ್ಣ ಅಂತಲೇ ಕರೆಯುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಜೆರಾಕ್ಸ್ ಮಾಡಿಸಿದ ಒಂದಷ್ಟು ಹಾಳೆ ಕೈಗಿಟ್ಟರು. "ಪೂರ್ತಿ ಪುಸ್ತಕ ಆಮೇಲೆ ನೋಡುವಿಯಂತೆ. ಮೊದಲು ಇಷ್ಟು ಓದು" ಅಂದರು. ಒಂದು ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ಅದು ಜಾರ್ಜ್ ಆರ್ವೆಲ್ ಬರೆದ 'ದಿ ರೋಡ್ ಟು ವಿಗನ್ ಪಿಯರ್' ಪುಸ್ತಕದ ಎರಡನೇ ಅಧ್ಯಾಯ. ಪುಸ್ತಕ ಬಂದದ್ದು 1937ರಲ್ಲಿ. ಅದಕ್ಕೆ ಹಿಂದಿನ ವರ್ಷ ಆರ್ವೆಲ್ ಇಂಗ್ಲೆಂಡಿನ ಉತ್ತರ ಭಾಗದ ಕಲ್ಲಿದ್ದಲು ಗಣಿಗಳಿಗೆ ಇಳಿದಿದ್ದರು. ಗಣಿಗೆ ಇಳಿದ ತಕ್ಷಣ ಕಲ್ಲಿದ್ದಲು ಸಿಕ್ಕಿಬಿಡುವುದಿಲ್ಲ. ಲಿಫ್ಟಿನಲ್ಲಿ ಕೆಳಗೆ ಹೋದ ಮೇಲೆ ಸುರಂಗದಲ್ಲಿ ಬೆನ್ನು ಬಗ್ಗಿಸಿಕೊಂಡು, ಕೆಲವು ಕಡೆ ತೆವಳಿಕೊಂಡು ಹೋಗಬೇಕು. ಒಂದು ಮೈಲಿ ಸಾಮಾನ್ಯ. ಮೂರು ಮೈಲಿಯೂ ಅಪರೂಪವಲ್ಲ. ಚಾವಣಿಯ ತೊಲೆಗೆ ಬೆನ್ನು ಉಜ್ಜಿ ಉಜ್ಜಿ ಬೆನ್ನುಮೂಳೆಯ ಒಂದೊಂದು ಗಂಟಿನ ಮೇಲೂ ಆರದ ಗಾಯ. ಗಣಿ ಕೆಲಸದವರು ಅದಕ್ಕೆ 'ಬೆನ್ನಿನ ಗುಂಡಿಗಳು' ಅನ್ನುತ್ತಿದ್ದರಂತೆ. ಅಂಗಿಯ ಗುಂಡಿಯ ಹಾಗೆ ಸಾಲಾಗಿ.

ಅಣ್ಣ ಗೆರೆ ಎಳೆದಿದ್ದ ಸಾಲು ಇದರ ನಂತರ ಬರುತ್ತದೆ. ಕೆಲಸದ ಹೊತ್ತು ಏಳೂವರೆ ಗಂಟೆ. ಆದರೆ ಹೋಗಿ ಬರುವುದಕ್ಕೆ ಕನಿಷ್ಠ ಒಂದು ಗಂಟೆ, ಹೆಚ್ಚು ಕಡೆ ಎರಡು, ಕೆಲವೊಮ್ಮೆ ಮೂರು ಗಂಟೆ ಬೇಕು. ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಕೂಲಿಯೂ ಇಲ್ಲ.

ನಾನು ಆ ಸಾಲನ್ನು ಓದಿ ಹಾಳೆ ಮಡಚಿಟ್ಟೆ. ಆಮೇಲೆ ಮತ್ತೆ ಬಿಡಿಸಿ ಓದಿದೆ. ನನ್ನ ಗೇಟಿನ ಸಾಲಿಗೂ ಆ ಸುರಂಗಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ನನ್ನ ಬೆನ್ನಿನಲ್ಲಿ ಗಾಯ ಇರಲಿಲ್ಲ. ಆದರೆ ಲೆಕ್ಕ ಹಾಕುವ ರೀತಿ ಒಂದೇ. ನಿನ್ನ ದಿನದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಕೆಲಸ ಅಂತ ತೀರ್ಮಾನ ಮಾಡುವವರು ಬೇರೆ ಯಾರೋ. ಉಳಿದದ್ದು ನಿನ್ನ ಖರ್ಚು. ಇದು ನನ್ನ ಸೋಮಾರಿತನದ ವಿಷಯವೇ ಅಲ್ಲ ಅಂತ ಮೊದಲ ಸಲ ಅನಿಸಿದ್ದು ಆ ಊಟದ ಬೆಂಚಿನ ಮೇಲೆ. ಅಲಾರಂ ಹಿಂದಕ್ಕೆ ಇಡುವುದನ್ನು ನಿಲ್ಲಿಸಿದೆ. ಅಣ್ಣನ ಜೊತೆ ಕೂತು ಯಾರ್ಯಾರಿಗೆ ಎಷ್ಟು ನಿಮಿಷ ಹೋಗುತ್ತಿದೆ ಅಂತ ಬರೆದಿಡಲು ಶುರು ಮಾಡಿದೆ.

ಗೆಳೆಯರ ಶಿಫಾರಸು ಅಂದರೆ ಇದು ಅಂತ ನನ್ನ ನಂಬಿಕೆ. ಅಂಗಡಿಯವರು ಪುಸ್ತಕ ಕೊಡುತ್ತಾರೆ. ಗೆಳೆಯ ಪುಟ ಮಡಚಿ ಕೊಡುತ್ತಾನೆ.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಹೊಲಿಗೆ ಕೆಲಸ ಮಾಡುವ ನನ್ನ ಗೆಳತಿಯೊಬ್ಬರು ಹೇಳಿದ ಪುಸ್ತಕ ಕಾರ್ಲ್ ಮಾರ್ಕ್ಸ್ ಅವರ 'ಕ್ಯಾಪಿಟಲ್'. ನನಗೆ ಆಶ್ಚರ್ಯವಾಯಿತು. ನಾನೇ ಅದನ್ನು ಎರಡು ಸಲ ಶುರು ಮಾಡಿ ಬಿಟ್ಟವನು. ಸರಕು, ಮೌಲ್ಯ, ಇಪ್ಪತ್ತು ಗಜ ಲಿನನ್ ಬಟ್ಟೆ ಒಂದು ಮೇಲಂಗಿಗೆ ಸಮ ಅನ್ನುವ ಲೆಕ್ಕ, ಅಲ್ಲಿಗೆ ನಿಂತುಹೋಗಿದ್ದೆ. "ಮೊದಲಿಂದ ಯಾರು ಓದು ಅಂದಿದ್ದು? ಕೆಲಸದ ದಿನ ಅಂತ ಒಂದು ಅಧ್ಯಾಯ ಇದೆಯಲ್ಲ, ಅಲ್ಲಿಂದ ಓದಿ" ಅಂದರು. ಇಂಗ್ಲಿಷ್ ಅನುವಾದದಲ್ಲಿ ಅದು ಹತ್ತನೇ ಅಧ್ಯಾಯ.

ಆಮೇಲೆ ನನಗೆ ತಿಳಿದದ್ದು, ಸ್ವತಃ ಮಾರ್ಕ್ಸ್ ಕೂಡ ಇದನ್ನೇ ಹೇಳಿದ್ದರು. ಪುಸ್ತಕದ ಮೊದಲ ಸಂಪುಟ ಬಂದದ್ದು 1867ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಅವರು ಹ್ಯಾನೋವರ್‌ನ ವೈದ್ಯ ಗೆಳೆಯ ಕುಗೆಲ್‌ಮನ್ ಅವರಿಗೆ ಒಂದು ಪತ್ರ ಬರೆದರು. ನಿಮ್ಮ ಹೆಂಡತಿಗೆ ಹೇಳಿ, ಕೆಲಸದ ದಿನದ ಅಧ್ಯಾಯ, ಯಂತ್ರಗಳ ಭಾಗ, ಬಂಡವಾಳ ಮೊದಲು ಹೇಗೆ ಕೂಡಿಬಂತು ಅನ್ನುವ ಭಾಗ, ಇವು ಓದಲು ಸುಲಭ ಅಂತ. ಅಂದರೆ ಗೆಳೆಯರ ಮನೆಗೆ ಅವರೂ ಪುಟ ಮಡಚಿಯೇ ಕಳಿಸಿದ್ದು. ನೂರೈವತ್ತು ವರ್ಷದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುವ ನನ್ನ ಗೆಳತಿ ಅದೇ ಪುಟ ತೋರಿಸಿದರು.

ಆ ಅಧ್ಯಾಯದಲ್ಲಿ ಮೇರಿ ಆನ್ ವಾಕ್ಲಿ ಅನ್ನುವ ಹುಡುಗಿ ಇದ್ದಾಳೆ. ವಯಸ್ಸು ಇಪ್ಪತ್ತು. ಲಂಡನ್ನಿನಲ್ಲಿ ಸಿರಿವಂತ ಹೆಂಗಸರಿಗೆ ಬಟ್ಟೆ ಹೊಲಿಯುವ ಒಂದು ದೊಡ್ಡ ಅಂಗಡಿಯ ಕೆಲಸದವಳು. 1863ರ ಜೂನ್. ಹೊಸದಾಗಿ ಬಂದ ರಾಜಕುಮಾರಿಯ ಗೌರವಕ್ಕೆ ನೃತ್ಯಕೂಟ ಇತ್ತು. ಅದಕ್ಕೆ ಉಡುಪು ಸಿದ್ಧವಾಗಬೇಕಿತ್ತು. ಅಲ್ಲಿನ ಹುಡುಗಿಯರು ದಿನಕ್ಕೆ ಸರಾಸರಿ ಹದಿನಾರೂವರೆ ಗಂಟೆ ಕೆಲಸ ಮಾಡುತ್ತಿದ್ದರು. ಮೇರಿ ಆನ್ ಇನ್ನೂ ಅರವತ್ತು ಹುಡುಗಿಯರ ಜೊತೆ ಇಪ್ಪತ್ತಾರೂವರೆ ಗಂಟೆ ಬಿಡುವಿಲ್ಲದೆ ಹೊಲಿದಳು. ಒಂದೊಂದು ಕೋಣೆಯಲ್ಲಿ ಮೂವತ್ತು ಜನ. ಬೇಕಾದ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲೂ ಆ ಕೋಣೆಯಲ್ಲಿ ಸರಿಯಾಗಿ ಇರಲಿಲ್ಲ. ಶುಕ್ರವಾರ ಕಾಯಿಲೆ ಬಿದ್ದಳು. ಭಾನುವಾರ ಸತ್ತಳು. ಕೈಯಲ್ಲಿದ್ದ ಉಡುಪು ಮುಗಿಯದೆ ಉಳಿಯಿತು.

ನೋಡಿದ ವೈದ್ಯರು ನೇರವಾಗಿ ಹೇಳಿದರು, ಉಸಿರುಗಟ್ಟುವ ಕೋಣೆ ಮತ್ತು ಮಿತಿಮೀರಿದ ಕೆಲಸ ಇವಳನ್ನು ಕೊಂದಿತು ಅಂತ. ವಿಚಾರಣೆಯ ತೀರ್ಪಿನಲ್ಲಿ ಮಾತು ಮೆದುವಾಯಿತು. ಸಾವಿಗೆ ಕಾರಣ ಮೆದುಳಿನ ಆಘಾತ, ಕೆಲಸದ ಹೊರೆಯಿಂದ ಅದು ಬೇಗ ಆಗಿರಬಹುದು ಅಂತ ಬರೆದರು. ಆ 'ಬಹುದು' ಅನ್ನುವ ಪದ ಇದೆಯಲ್ಲ, ನನ್ನ ಗೆಳತಿ ಬೆರಳಿಟ್ಟದ್ದು ಅಲ್ಲಿ. "ನಮ್ಮವರಿಗೆ ಏನಾದರೂ ಆದಾಗಲೂ ಕಾಗದದಲ್ಲಿ ಇದೇ ಪದ ಇರುತ್ತದೆ" ಅಂದರು. ಜಾಸ್ತಿ ಏನೂ ಹೇಳಲಿಲ್ಲ.

ಇದು ಹಳೆಯ ಕಥೆ ಅನ್ನುವವರಿಗೆ ಒಂದು ದಿನಾಂಕ ಹೇಳುತ್ತೇನೆ. 2013ರ ಏಪ್ರಿಲ್ 24. ಬಾಂಗ್ಲಾದೇಶದ ಢಾಕಾ ಪಕ್ಕದ ಸವಾರ್‌ನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಅನ್ನುವ ಕಟ್ಟಡ ಕುಸಿಯಿತು. 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರಿಗೆ ಬರಬೇಡಿ ಅಂದಿತು. ಮೇಲಿನ ಮಹಡಿಗಳ ಹೊಲಿಗೆಯವರನ್ನು ಬೆಳಿಗ್ಗೆ ಒಳಗೆ ಕರೆದರು. ಕಟ್ಟಡ ಒಂದೇ, ಬಿರುಕು ಒಂದೇ. ವರ್ಗ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಮಹಡಿಗಳ ವಿಷಯ ಹೇಳುತ್ತೇನೆ.

ಈಗ ಒಂದು ಪ್ರಶ್ನೆ. ಆರ್ವೆಲ್ ಗಣಿಗೆ ಇಳಿದರು, ನೋಡಿದರು, ಮೇಲೆ ಬಂದು ಬರೆದರು. ಬಾರ್ಬರಾ ಎರೆನ್‌ರೈಕ್ ಅನ್ನುವ ಅಮೆರಿಕನ್ ಲೇಖಕಿಯೂ ಹಾಗೆಯೇ ಮಾಡಿದರು. ಹೋಟೆಲಿನಲ್ಲಿ ಊಟ ಬಡಿಸಿದರು, ಮನೆಗಳನ್ನು ಗುಡಿಸಿ ಒರೆಸಿದರು, ದೊಡ್ಡ ಅಂಗಡಿಯಲ್ಲಿ ಬಟ್ಟೆ ಮಡಚಿದರು. 2001ರಲ್ಲಿ 'ನಿಕಲ್ ಅಂಡ್ ಡೈಮ್ಡ್' ಬರೆದರು. ಒಳ್ಳೆಯ ಪುಸ್ತಕ. ಬಡತನಕ್ಕೆ ಖರ್ಚು ಜಾಸ್ತಿ ಅನ್ನುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಮನೆಗೆ ಮುಂಗಡ ಕೊಡಲು ದುಡ್ಡಿಲ್ಲದವರು ವಾರಕ್ಕಿಷ್ಟು ಅಂತ ಲಾಡ್ಜಿನಲ್ಲಿ ಇರಬೇಕಾಗುತ್ತದೆ. ಲೆಕ್ಕ ಹಾಕಿದರೆ ಬಾಡಿಗೆ ಮನೆಗಿಂತ ಅದೇ ದುಬಾರಿ. ಆದರೆ ಎರೆನ್‌ರೈಕ್ ಅವರಿಗೆ ವಾಪಸು ಹೋಗಲು ಒಂದು ಮನೆ ಇತ್ತು. ಅದನ್ನು ಅವರೇ ಮುಚ್ಚಿಡದೆ ಹೇಳುತ್ತಾರೆ. ವಾಪಸು ಹೋಗಲು ಜಾಗವಿಲ್ಲದವರು ಬರೆದರೆ ಹೇಗಿರುತ್ತದೆ?

ಇದಕ್ಕೆ ಉತ್ತರ ಕೊಟ್ಟವನು ಮನೆಗಳಿಗೆ ಬಣ್ಣ ಹೊಡೆಯುವ ಗೆಳೆಯ. ಅವನು ಹೇಳಿದ ಪುಸ್ತಕ ಬರೆದವರೂ ಬಣ್ಣ ಹೊಡೆಯುವವರೇ. ನಿಜವಾದ ಹೆಸರು ರಾಬರ್ಟ್ ನೂನನ್. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಮನೆಗಳಿಗೆ ಬಣ್ಣ ಬಳಿದು, ಬೋರ್ಡು ಬರೆದು ಬದುಕಿದವರು. ರಾಬರ್ಟ್ ಟ್ರೆಸೆಲ್ ಅನ್ನುವ ಹೆಸರಿನಲ್ಲಿ ಬರೆದರು. ಬಣ್ಣದವರು ನಿಂತುಕೊಳ್ಳುವ ಮರದ ಕುದುರೆಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಪುಸ್ತಕ 'ದಿ ರ್‍ಯಾಗೆಡ್ ಟ್ರೌಸರ್ಡ್ ಫಿಲಾಂತ್ರಪಿಸ್ಟ್ಸ್'. ಹರಕು ಚಡ್ಡಿಯ ದಾನಿಗಳು ಅನ್ನಬಹುದು. ತಮ್ಮ ದುಡಿಮೆಯನ್ನು ಮಾಲೀಕರಿಗೆ ದಾನ ಮಾಡುತ್ತಿರುವ ದೊಡ್ಡ ಮನಸ್ಸಿನ ಜನ ಇವರು ಅನ್ನುವ ಅರ್ಥ.

ಕೈಯಲ್ಲಿ ಬರೆದ ಸಾವಿರದ ಆರುನೂರಕ್ಕೂ ಹೆಚ್ಚು ಪುಟ. ಪ್ರಕಾಶಕರು ಬೇಡ ಅಂದರು. 1911ರಲ್ಲಿ ನೂನನ್ ಕ್ಷಯದಿಂದ ಸತ್ತರು. ಗತಿಯಿಲ್ಲದವರ ಗುಂಡಿಯಲ್ಲಿ ಹೂತರು. ಹಸ್ತಪ್ರತಿಯನ್ನು ಉಳಿಸಿಕೊಂಡವಳು ಮಗಳು ಕ್ಯಾಥ್ಲೀನ್. 1914ರಲ್ಲಿ ಬಹಳಷ್ಟು ಕತ್ತರಿಸಿ ಅಚ್ಚು ಹಾಕಿದರು. ಪೂರ್ತಿ ಪುಸ್ತಕ ಬರಲು 1955 ಆಯಿತು. ಈ ನಡುವೆ ಅದು ಓಡಾಡಿದ್ದು ಕೆಲಸದವರ ಕೈಯಿಂದ ಕೈಗೆ. ನನ್ನ ಗೆಳೆಯನ ಪ್ರತಿಯೂ ಹಾಗೆ ಬಂದದ್ದೇ. ರಟ್ಟಿನ ಮೇಲೆ ಬಿಳಿ ಬಣ್ಣದ ಹೆಬ್ಬೆರಳ ಗುರುತಿದೆ. ಯಾರದೋ ಗೊತ್ತಿಲ್ಲ.

ಅವನು ತೋರಿಸಿದ ಪುಟದಲ್ಲಿ ಊಟದ ಬಿಡುವು. ಓವನ್ ಅನ್ನುವ ಬಣ್ಣದವನು ಜೊತೆಯವರಿಗೆ ದುಡ್ಡಿನ ಆಟ ತೋರಿಸುತ್ತಾನೆ. ಊಟದಲ್ಲಿ ಉಳಿದ ಬ್ರೆಡ್ಡಿನ ಚೂರುಗಳನ್ನು ಸೇರಿಸುತ್ತಾನೆ. ಇದು ಕಚ್ಚಾ ಸಾಮಾನು, ನನ್ನದು. ಮೂವರ ಹತ್ತಿರ ಜೇಬಿನ ಚಾಕು ಇಸಿದುಕೊಳ್ಳುತ್ತಾನೆ. ಇವು ಯಂತ್ರ, ಇವೂ ನನ್ನವು. ಮೂರು ಪುಡಿಕಾಸು ತೆಗೆದಿಡುತ್ತಾನೆ. ಇದು ದುಡ್ಡು, ಒಂದೊಂದನ್ನೂ ಒಂದೊಂದು ಪೌಂಡ್ ಅಂದುಕೊಳ್ಳಿ. ನಾನು ಮಾಲೀಕ. ನೀವು ಮೂವರು ಕೆಲಸದವರು. ಈ ಬ್ರೆಡ್ಡನ್ನು ಚೌಕ ಚೌಕ ತುಂಡು ಮಾಡಿ, ವಾರಕ್ಕೆ ಒಂದು ಪೌಂಡ್ ಕೂಲಿ.

ಒಬ್ಬೊಬ್ಬರೂ ಮೂರು ತುಂಡು ಮಾಡುತ್ತಾರೆ. ಒಟ್ಟು ಒಂಬತ್ತು. ಕೂಲಿ ಸಿಗುತ್ತದೆ. ಬದುಕಬೇಕಾದರೆ ಈ ತುಂಡು ತಿನ್ನಲೇಬೇಕು. ಒಂದರ ಬೆಲೆ ಒಂದು ಪೌಂಡ್. ಮೂವರೂ ಒಂದೊಂದು ಕೊಂಡು ತಿನ್ನುತ್ತಾರೆ. ದುಡ್ಡು ಓವನ್‌ನ ಕೈಗೆ ವಾಪಸು. ಅವನು ಎರಡು ತುಂಡು ತಿನ್ನುತ್ತಾನೆ. ಇನ್ನೂ ನಾಲ್ಕು ಅವನ ಹತ್ತಿರವೇ ಉಳಿದಿವೆ, ಮೂರು ಪೌಂಡೂ ಉಳಿದಿದೆ. ಮೂವರ ಹತ್ತಿರ ಏನೂ ಇಲ್ಲ. ಮತ್ತೆ ಕೆಲಸ, ಮತ್ತೆ ಕೂಲಿ, ಮತ್ತೆ ಕೊಳ್ಳುವುದು. ಓವನ್‌ನ ಮುಂದೆ ಬ್ರೆಡ್ ತುಂಡಿನ ರಾಶಿ ಬೆಳೆಯುತ್ತದೆ. ಒಂದು ದಿನ ಅವನು ಚಾಕುಗಳನ್ನು ವಾಪಸು ತೆಗೆದುಕೊಂಡು, ಸಾಮಾನು ಜಾಸ್ತಿ ಆಗಿದೆ, ಕೆಲಸ ನಿಲ್ಲಿಸಿದ್ದೇನೆ ಅನ್ನುತ್ತಾನೆ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಾವೇ ಮಾಡಿದ ರಾಶಿ ಕಣ್ಣೆದುರೇ ಇದೆ.

ಅರ್ಥಶಾಸ್ತ್ರದ ಒಂದು ಶಬ್ದವೂ ಬೇಕಾಗಲಿಲ್ಲ, ನೋಡಿ. ನನ್ನ ಗೆಳೆಯ ಇದನ್ನು ಕೆಲಸದ ಜಾಗದಲ್ಲಿ ನಿಜವಾಗಿ ಆಡಿ ತೋರಿಸಿದ್ದಾನೆ. ಬಿಸ್ಕತ್ತಿನಲ್ಲಿ. ಎರಡನೇ ಸುತ್ತಿಗೇ ಒಬ್ಬ ಹುಡುಗ "ಅಣ್ಣ, ಚಾಕು ನಿಮ್ಮದು ಹೇಗಾಯ್ತು?" ಅಂತ ಕೇಳಿದನಂತೆ. ಆ ಪ್ರಶ್ನೆ ಬಂದ ಮೇಲೆ ಆಟ ಮುಂದುವರಿಸಲಿಲ್ಲ. ಅಲ್ಲಿಂದ ಮಾತೇ ಶುರುವಾಯಿತು ಅಂದ.

ಸರಿ, ಚಾಕು ಯಾರದು ಅಂತ ಗೊತ್ತಾದ ಮೇಲೂ ಮೂವರು ಯಾಕೆ ಒಂದಾಗುವುದಿಲ್ಲ? ಇದು ನನಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಇದಕ್ಕೆ ಇಬ್ಬರು ಗೆಳೆಯರು ಎರಡು ಬೇರೆ ಬೇರೆ ಪುಸ್ತಕ ಹೇಳಿದರು. ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಮೈ ಜುಮ್ಮೆಂದಿತು.

ಒಂದು, ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರ 'ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್'. ಬಂದದ್ದು 1935ರಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಹೋದ ನಂತರದ ವರ್ಷಗಳ ಚರಿತ್ರೆ. ದಕ್ಷಿಣದ ಬಡ ಬಿಳಿಯ ಕೂಲಿಗೂ ಬಡ ಕಪ್ಪು ಕೂಲಿಗೂ ಸಿಗುತ್ತಿದ್ದ ಸಂಬಳ ಎರಡೂ ಕಡಿಮೆ. ಆದರೂ ಇಬ್ಬರೂ ಸೇರಲಿಲ್ಲ. ಬಿಳಿಯ ಕೂಲಿಗೆ ದುಡ್ಡಲ್ಲದ ಇನ್ನೊಂದು ಕೂಲಿ ಸಿಗುತ್ತಿತ್ತು ಅನ್ನುತ್ತಾರೆ ಡು ಬಾಯ್ಸ್. ಅದನ್ನು ಅವರು ಮನಸ್ಸಿನ ಕೂಲಿ ಅಂತ ಕರೆದರು. ಊರಿನ ಪಾರ್ಕಿಗೆ ಬಿಡುತ್ತಾರೆ. ಮರ್ಯಾದೆಯಿಂದ ಮಾತಾಡಿಸುತ್ತಾರೆ. ಒಳ್ಳೆಯ ಶಾಲೆ ಅವನ ಮಕ್ಕಳಿಗೆ. ಹೊಟ್ಟೆ ಅರ್ಧ ಖಾಲಿ, ಆದರೂ ನಾನು ಅವನಿಗಿಂತ ಮೇಲೆ ಅನ್ನುವ ಸಮಾಧಾನ. ಮಾಲೀಕನಿಗೆ ಇದು ಎಷ್ಟು ಅಗ್ಗದ ಕೂಲಿ, ಅಲ್ವಾ?

ಇನ್ನೊಂದು, ಮರುವರ್ಷ 1936ರಲ್ಲಿ ಬಂದ ಅಂಬೇಡ್ಕರ್ ಅವರ 'ಜಾತಿ ವಿನಾಶ'. ಅದು ಒಂದು ಭಾಷಣ. ಆದರೆ ಯಾರೂ ಕೇಳದ ಭಾಷಣ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅನ್ನುವ ಜಾತಿ ವಿರೋಧಿ ಸಂಘ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆದಿತ್ತು. ಬರೆದು ಕಳಿಸಿದ್ದನ್ನು ನೋಡಿ ಕೆಲವು ಮಾತು ತೆಗೆಯಿರಿ ಅಂದಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು. ಸಮ್ಮೇಳನ ರದ್ದಾಯಿತು. ಅಂಬೇಡ್ಕರ್ ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಮುಗಿದುಹೋಯಿತು.

ಅದರಲ್ಲಿ ನನ್ನ ಗೆಳೆಯ ತೋರಿಸಿದ್ದು ಒಂದೇ ಮಾತು. ಜಾತಿ ಅಂದರೆ ಕೆಲಸವನ್ನು ಹಂಚಿಕೊಳ್ಳುವ ಏರ್ಪಾಡು ಅಂತ ಸಮರ್ಥನೆ ಮಾಡುವವರಿಗೆ ಅಂಬೇಡ್ಕರ್ ಹೇಳುತ್ತಾರೆ: ಅದು ಕೆಲಸದ ವಿಭಜನೆ ಮಾತ್ರ ಅಲ್ಲ, ಕೆಲಸಗಾರರ ವಿಭಜನೆ. ಅದೂ ಸುಮ್ನೆ ಬೇರೆ ಬೇರೆ ಇಡುವುದಲ್ಲ. ಒಬ್ಬರ ಮೇಲೆ ಒಬ್ಬರನ್ನು ಮೆಟ್ಟಿಲ ಹಾಗೆ ಜೋಡಿಸುವುದು.

ಇದನ್ನು ಅವರು ಊಹೆಯಿಂದ ಹೇಳಲಿಲ್ಲ. ಆಗಿನ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ನೇಯುವ ವಿಭಾಗಕ್ಕೆ ಒಳ್ಳೆಯ ಕೂಲಿ. ದಲಿತರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಕಾರಣ ಏನು ಗೊತ್ತೇ? ಲಾಳಿಯಲ್ಲಿ ದಾರ ತುಂಡಾದರೆ, ಮುಗಿದರೆ, ಹೊಸ ದಾರವನ್ನು ಬಾಯಿಂದ ಎಳೆದುಕೊಳ್ಳಬೇಕಿತ್ತು. ದಲಿತನ ಬಾಯಿ ತಾಗಿದ ಲಾಳಿಯನ್ನು ಪಕ್ಕದ ನೇಕಾರ ಮುಟ್ಟಲು ಒಪ್ಪುತ್ತಿರಲಿಲ್ಲ. ಅವನೂ ಕೂಲಿಯವನೇ. ಅದೇ ಶೆಡ್ಡು, ಅದೇ ಧೂಳು, ಅದೇ ಮುಷ್ಕರ. 1928ರ ದೊಡ್ಡ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಕಾರ್ಮಿಕ ನಾಯಕರ ಮುಂದೆ ಈ ವಿಷಯ ಇಟ್ಟರು. ನಿಮ್ಮ ಬೇಡಿಕೆಗಳಲ್ಲಿ ಇದೂ ಇರಲಿ ಅಂದರು. ಒಂದು ಲಾಳಿಯ ಕಣ್ಣಿನಷ್ಟು ಸಣ್ಣ ಜಾಗ. ವರ್ಗ ಒಡೆಯುವುದು ಅಲ್ಲಿ.

ಡು ಬಾಯ್ಸ್ ಮತ್ತು ಅಂಬೇಡ್ಕರ್ ಭೂಮಿಯ ಎರಡು ಕಡೆ ಕೂತು ಒಂದು ವರ್ಷದ ಅಂತರದಲ್ಲಿ ಒಂದೇ ಗಾಯವನ್ನು ಮುಟ್ಟಿದರು. ಹತ್ತು ವರ್ಷದ ಮೇಲೆ, 1946ರಲ್ಲಿ, ಅಂಬೇಡ್ಕರ್ ಡು ಬಾಯ್ಸ್‌ಗೆ ಒಂದು ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಸಲ್ಲಿಸುತ್ತಿದ್ದಾರೆ ಅಂತ ಕೇಳಿದೆ, ಅದರ ಪ್ರತಿ ಕಳಿಸುತ್ತೀರಾ ಅಂತ. ಡು ಬಾಯ್ಸ್ ತಕ್ಷಣ ಉತ್ತರ ಬರೆದರು, ಕಳಿಸುತ್ತೇನೆ ಅಂತ. ಒಬ್ಬರು ಇನ್ನೊಬ್ಬರನ್ನು ಓದಲು ಏನಿದೆ ಅಂತ ಕೇಳಿದ ಪತ್ರ ಅದು. ವರ್ಗದ ಬಗ್ಗೆ ಓದುವವರು ಈ ಎರಡನ್ನೂ ಬಿಟ್ಟು ಓದಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬಿಟ್ಟರೆ ಮೂವರು ಯಾಕೆ ಸೇರಲಿಲ್ಲ ಅನ್ನುವುದು ಕೊನೆಯವರೆಗೂ ತಿಳಿಯುವುದಿಲ್ಲ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಅಪ್ಟನ್ ಸಿಂಕ್ಲೇರ್ ಅವರ 'ದಿ ಜಂಗಲ್' ಕಾದಂಬರಿಯನ್ನು ಮೂವರು ಹೇಳಿದರು. ಷಿಕಾಗೋದ ಮಾಂಸದ ಕಾರ್ಖಾನೆಗಳ ಕೆಲಸದವರ ಪಾಡು ತೋರಿಸಲು ಬರೆದದ್ದು. ಪುಸ್ತಕವಾಗಿ ಬಂದದ್ದು 1906ರಲ್ಲಿ. ಓದಿದವರು ಮಾಂಸದ ಕೊಳಕು ನೋಡಿ ಹೇಸಿದರು. ಅದೇ ವರ್ಷ ಆಹಾರ ಶುದ್ಧತೆಯ ಕಾನೂನು ಬಂತು. ಕೆಲಸದವರ ಬದುಕಿಗೆ ಕಾನೂನು ಬರಲಿಲ್ಲ. ಜನರ ಎದೆಗೆ ಗುರಿಯಿಟ್ಟೆ, ಹೊಟ್ಟೆಗೆ ತಾಗಿತು ಅಂತ ಸಿಂಕ್ಲೇರ್ ನೊಂದುಕೊಂಡರು. ಸಿಲ್ವಿಯಾ ಫೆಡರಿಚಿ ಅವರ 1975ರ ಒಂದು ಚಿಕ್ಕ ಬರಹವನ್ನು ಇನ್ನೊಬ್ಬರು ಕಳಿಸಿದರು. ಮನೆಗೆಲಸಕ್ಕೆ ಕೂಲಿ ಯಾಕಿಲ್ಲ ಅನ್ನುವುದರ ಬಗ್ಗೆ. ಪುಟ ಕೇಳಿದ್ದಕ್ಕೆ "ಮೊದಲ ಸಾಲು ಸಾಕು" ಅಂದರು. 'ಅವರು ಪ್ರೀತಿ ಅನ್ನುವುದನ್ನು ನಾವು ಕೂಲಿಯಿಲ್ಲದ ಕೆಲಸ ಅನ್ನುತ್ತೇವೆ', ಆ ಸಾಲಿನ ಅರ್ಥ ಇಷ್ಟು. ಆ ಗೆಳತಿ ಮೂವತ್ತು ವರ್ಷ ಮನೆ ನಡೆಸಿದವರು. ನಿಜ, ಸಾಕು.

ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸದಲ್ಲಿರುವ ಹುಡುಗಿಯೊಬ್ಬಳು ಆರ್ಲಿ ಹಾಕ್‌ಶೀಲ್ಡ್ ಅವರ 'ದಿ ಮ್ಯಾನೇಜ್ಡ್ ಹಾರ್ಟ್' ಹೇಳಿದಳು. 1983ರ ಪುಸ್ತಕ. ಕೆಲವು ಕೆಲಸದಲ್ಲಿ ಕೈಯ ಜೊತೆ ಮುಖವನ್ನೂ ಮಾರಬೇಕಾಗುತ್ತದೆ ಅನ್ನುವುದು ಅದರ ವಿಷಯ. ಅವಳ ಪುಟದಲ್ಲಿ ಒಬ್ಬ ವಿಮಾನದ ಪರಿಚಾರಿಕೆ. ಪ್ರಯಾಣಿಕನೊಬ್ಬ ಯಾಕೆ ನಗುತ್ತಿಲ್ಲ ಅಂತ ಕೇಳುತ್ತಾನೆ. ನೀವು ಮೊದಲು ನಗಿ, ಆಮೇಲೆ ನಾನು ನಗುತ್ತೇನೆ ಅನ್ನುತ್ತಾಳೆ ಅವಳು. ಅವನು ನಗುತ್ತಾನೆ. ಸರಿ, ಈಗ ಹಾಗೇ ಹದಿನೈದು ಗಂಟೆ ಇರಿ ಅಂತ ಹೇಳಿ ಅವಳು ಹೋಗುತ್ತಾಳೆ. ನನಗೆ ಇದನ್ನು ಓದಿ ಹೇಳುವಾಗ ಈ ಹುಡುಗಿಯ ದನಿ ಗಟ್ಟಿಯಾಯಿತು. ದಿನವಿಡೀ ಫೋನಿನಲ್ಲಿ ಅವಳ ದನಿ ಹಾಗಿರಲು ಬಿಡುವುದಿಲ್ಲ.

ಕೊನೆಯದಾಗಿ ಪುಸ್ತಕವನ್ನೇ ಹೇಳದ ಗೆಳತಿಯ ವಿಷಯ. ದೊಡ್ಡ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತಾರೆ. ನನಗಿಂತ ದೊಡ್ಡವರು, ಅಕ್ಕ ಅನ್ನುತ್ತೇನೆ. "ಓದೋಕೆ ಕಣ್ಣು ಎಲ್ಲಿದೆಯಪ್ಪ? ಮನೆಗೆ ಬಂದರೆ ನಿದ್ದೆ ಬಂದರೆ ಸಾಕು ಅನಿಸುತ್ತದೆ. ನೀನೇ ಓದಿ ಹೇಳು" ಅಂದರು. ನಾನು ಇದನ್ನು ಸುಮ್ನೆ ಹೇಳಿದ ಮಾತು ಅಂದುಕೊಂಡಿದ್ದೆ. ಆಮೇಲೆ ಕ್ಯೂಬಾದ ಚುಟ್ಟ ಸುತ್ತುವವರು ನೆನಪಾದರು.

1865ರಲ್ಲಿ ಹವಾನಾದ ಒಂದು ಚುಟ್ಟದ ಕಾರ್ಖಾನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಎಲೆ ಸುತ್ತುತ್ತಾ ಕೇಳುವುದು ಶುರುವಾಯಿತು. ಓದುವವನ ಸಂಬಳ ಮಾಲೀಕ ಕೊಡುತ್ತಿರಲಿಲ್ಲ. ಕೆಲಸದವರೇ ತಮ್ಮ ಕೂಲಿಯಲ್ಲಿ ಒಂದಿಷ್ಟು ತೆಗೆದು ಕೊಡುತ್ತಿದ್ದರು. ಯಾವ ಪುಸ್ತಕ ಅನ್ನುವುದನ್ನೂ ಅವರೇ ಆರಿಸುತ್ತಿದ್ದರು. ಪತ್ರಿಕೆ, ಕಾದಂಬರಿ, ಚರಿತ್ರೆ ಎಲ್ಲ. ಅಕ್ಷರ ಬಾರದವರೂ ಕೇಳಿ ಕೇಳಿ ಕಲಿತರು. ಸರ್ಕಾರಕ್ಕೆ ಹೆದರಿಕೆಯಾಗಿ ಮರುವರ್ಷವೇ ನಿಷೇಧ ಹಾಕಿತು. ಆಮೇಲೆ ಮತ್ತೆ ಬಂತು. ನಿಲ್ಲಿಸಲು ಆಗಲಿಲ್ಲ.

ಅಕ್ಕನಿಗೆ ನಾನು ಫೋನಿನಲ್ಲಿ ಓದಲು ಶುರು ಮಾಡಿದೆ. ಅವರು ಪಾಳಿಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ. ಓದಿದ್ದು ಸ್ಟಡ್ಸ್ ಟರ್ಕೆಲ್ ಅವರ 'ವರ್ಕಿಂಗ್'. 1974ರದು. ಟರ್ಕೆಲ್ ಟೇಪ್ ರೆಕಾರ್ಡರ್ ಹಿಡಿದು ನೂರಕ್ಕೂ ಹೆಚ್ಚು ಜನರ ಹತ್ತಿರ ಹೋಗಿ, ದಿನವಿಡೀ ಏನು ಮಾಡುತ್ತೀರಿ, ಅದನ್ನು ಮಾಡುವಾಗ ಹೇಗನಿಸುತ್ತದೆ ಅಂತ ಕೇಳಿದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದರು. ಓದುತ್ತಾ ಹೇಳುತ್ತಾ ಹೋಗುತ್ತಿದ್ದೆ, ಇಂಗ್ಲಿಷಿನಿಂದ ನಮ್ಮ ಮಾತಿಗೆ. ಸಮಾಧಿ ಅಗೆಯುವವನು, ಹೋಟೆಲಿನಲ್ಲಿ ಬಡಿಸುವವಳು, ಉಕ್ಕಿನ ಕೆಲಸದವನು.

ಆ ಉಕ್ಕಿನ ಕೆಲಸದವನು ಒಂದು ಆಸೆ ಹೇಳುತ್ತಾನೆ. ದೊಡ್ಡ ಕಟ್ಟಡ ಕಟ್ಟಿದರೆ ಅದರ ಒಂದು ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದಡಿ ಅಗಲದ ಪಟ್ಟಿ ಇರಬೇಕು. ಇಟ್ಟಿಗೆ ಇಟ್ಟವನು, ವೈರಿಂಗ್ ಮಾಡಿದವನು, ಎಲ್ಲರ ಹೆಸರೂ ಅಲ್ಲಿ ಇರಬೇಕು. ಅವನು ಮಗನನ್ನು ಕರೆದುಕೊಂಡು ಬಂದು, ನೋಡು, ನಲವತ್ತೈದನೇ ಮಹಡಿಯಲ್ಲಿ ನಾನಿದ್ದೇನೆ ಅಂತ ತೋರಿಸಬೇಕು.

ಫೋನಿನ ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತಾ ಅಂತ ನೋಡಿದೆ. ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಅಂದರು, "ಅವನದು ಕಟ್ಟಡ, ನಿಂತಿರುತ್ತದೆ. ನಾನು ಒರೆಸಿದ್ದು ಬೆಳಿಗ್ಗೆ ಎಂಟಕ್ಕೆ ಹೋಗಿಬಿಡುತ್ತದೆ. ನನ್ನ ಹೆಸರು ಎಲ್ಲಿ ಬರೀತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಅಂದೆ. ಆ ಭಾನುವಾರ ರೆಕಾರ್ಡರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಈವರೆಗೆ ನಾಲ್ಕು ಭಾನುವಾರ ಆಗಿದೆ. ಮೊದಲ ಸಾಲು ಅವರೇ ಯೋಚಿಸಿ ಇಟ್ಟುಕೊಂಡಿದ್ದರು. ಹೀಗಿದೆ: "ರಾತ್ರಿ ಎರಡು ಗಂಟೆಗೆ ಐಸಿಯು ಮುಂದಿನ ನೆಲ ಒರೆಸುವಾಗ ನಾನು ಸದ್ದು ಮಾಡುವುದಿಲ್ಲ, ಯಾಕೆಂದರೆ ಆ ಬೆಂಚಿನ ಮೇಲೆ ಯಾರಾದರೂ ಅಳುತ್ತಾ ಅಳುತ್ತಾ ಆಗತಾನೇ ನಿದ್ದೆ ಹೋಗಿರುತ್ತಾರೆ."